ಅಮ್ಮನಿಗೂ ಅದೇ ನೋವು: ಮನೆಯವರನ್ನು ನಾನು ಕೇಳಿದ ಬಗೆ

ನನಗಿರುವ ತೊಂದರೆಗೆ ಪ್ರಾಕ್ಟಾಲ್ಜಿಯಾ ಫ್ಯೂಗಾಕ್ಸ್ ಎನ್ನುತ್ತಾರೆ. ಗುದದೊಳಗೆ ಇದ್ದಕ್ಕಿದ್ದಂತೆ ಹಿಂಡಿದ ಹಾಗೆ ನೋವು ಬರುತ್ತದೆ, ಹೆಚ್ಚಾಗಿ ನಡುರಾತ್ರಿ. ಕೆಲವು ನಿಮಿಷ ಕೂರಲೂ ಆಗದು, ಮಲಗಲೂ ಆಗದು. ಆಮೇಲೆ ಏನೂ ಆಗಿಯೇ ಇಲ್ಲವೇನೋ ಎನ್ನುವಂತೆ ಮಾಯ. ಪೈಲ್ಸ್ ಇಲ್ಲ, ಫಿಶರ್ (ಗುದದ ಬಿರುಕು) ಇಲ್ಲ ಎಂದು ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಕೇಳಿದರು: "ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?" ನನಗೇನು ಗೊತ್ತು? ಇಂಥದ್ದನ್ನು ಯಾರೂ ಮಾತಾಡುವುದಿಲ್ಲ, ಅಲ್ವಾ?

ಮೊದಲು ಅಮ್ಮನ ಹತ್ತಿರ ನನ್ನದನ್ನೇ ಹೇಳಿಕೊಂಡೆ. "ಅಯ್ಯೋ, ಅದಾ? ನನಗೂ ಬರುತ್ತಲ್ಲ, ಉಷ್ಣಕ್ಕೆ" ಎಂದರು. ಮಜ್ಜಿಗೆ ಕುಡಿದು ಸುಮ್ನಾಗುತ್ತಿದ್ದರಂತೆ. ನನಗೆ ಬಿಸಿನೀರಿನ ಟಬ್ಬಿನಲ್ಲಿ ಕೂತರೆ ಹಾಯೆನಿಸುತ್ತದೆ ಎಂದರೆ ನಂಬಲೇ ಇಲ್ಲ. ಉಷ್ಣಕ್ಕೆ ಬಿಸಿನೀರಾ!

ಉಳಿದವರನ್ನು "ನೋವಿದೆಯಾ?" ಎಂದು ಸುಮ್ನೆ ಕೇಳಿದರೆ ಎಲ್ಲರೂ ಪೈಲ್ಸ್ ಕಥೆ ಶುರು ಮಾಡುತ್ತಾರೆ. ಅದಕ್ಕೇ ಬಿಡಿಸಿ ಕೇಳಿದೆ. ಕಕ್ಕಸಿಗೆ ಹೋಗದಿದ್ದಾಗಲೂ ಬರುತ್ತದಾ? ಅರ್ಧ ಗಂಟೆಯೊಳಗೆ ಹೋಗುತ್ತದಾ? ಮತ್ತೆ ಬರುವವರೆಗೆ ಏನೂ ನೋವಿಲ್ಲವಾ? ಸೋದರಮಾವನಿಗೆ ಕಕ್ಕಸಿಗೆ ಕೂತಾಗ ಉರಿ, ಜೊತೆಗೆ ರಕ್ತ. ಅದು ಬೇರೆ ಕೇಸು. ಅವರನ್ನು ಪಟ್ಟಿಯಿಂದ ತೆಗೆದೆ, ಡಾಕ್ಟರಿಗೆ ತೋರಿಸಿ ಎಂದೆ.

ಮಲಬದ್ಧತೆಯನ್ನೂ ಕೇಳಿದ್ದಕ್ಕೆ ಕಾರಣವಿದೆ. 1991ರಲ್ಲಿ ಒಂದು ಕುಟುಂಬದ ವರದಿ ಬಂತು. ಐದು ತಲೆಮಾರಿನಲ್ಲೂ ಯಾರಿಗಾದರೂ ಈ ನೋವು ಇತ್ತು, ಜೊತೆಗೆ ಮಲಬದ್ಧತೆ. ಗುದದ ಒಳಸ್ನಾಯು ದಪ್ಪಗಾಗಿತ್ತು. 1995ರಲ್ಲಿ ಅಂಥದ್ದೇ ಎರಡನೇ ಕುಟುಂಬ ಸಿಕ್ಕಿತು. ಇಂಥ ವಂಶದ ಬಗೆಯದಾದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ವಂಶದಲ್ಲಿ ಬರುವ ಗುದದ ನೋವು ಇನ್ನೊಂದಿದೆ, ಎಸ್‌ಸಿಎನ್9ಎ ಎಂಬ ಜೀನ್‌ನಿಂದ ಬರುವ ಕಾಯಿಲೆ. ಅದು ಸಾಮಾನ್ಯವಾಗಿ ಹಸುಗೂಸಿನಲ್ಲೇ ಶುರು. ಮಲ ಹೋಗುವಾಗ ಮಗು ಚೀರುತ್ತದೆ, ಮೈ ಕೆಂಪಾಗುತ್ತದೆ. ನಮ್ಮ ಮನೆಯ ಕೂಸುಗಳಲ್ಲಿ ಹಾಗೆ ಆದದ್ದು ಅಜ್ಜಿಗೂ ನೆನಪಿಲ್ಲ.

ಹಾಗಾದರೆ ನನ್ನದು ವಂಶದ್ದಾ? ಇಬ್ಬರಿಗಿದ್ದ ಮಾತ್ರಕ್ಕೆ ಹಾಗನ್ನಲು ಆಗುವುದಿಲ್ಲ. ಈ ನೋವು ಜನರಲ್ಲಿ ಸಾಕಷ್ಟು ಸಾಮಾನ್ಯ, ಹೇಳಿಕೊಳ್ಳುವವರು ಕಮ್ಮಿ ಅಷ್ಟೆ. ಒಂದೇ ಮನೆಯಲ್ಲಿ ಇಬ್ಬರಿಗೆ ಕಾಕತಾಳೀಯವಾಗಿಯೂ ಇರಬಹುದು. ಅಮ್ಮನಿಗಾಗಲಿ ನನಗಾಗಲಿ ಮಲಬದ್ಧತೆ ಇಲ್ಲ. ಗುದದ ಅಲ್ಟ್ರಾಸೌಂಡ್‌ನಲ್ಲಿ ನನ್ನ ಒಳಸ್ನಾಯುವೂ ಮಾಮೂಲಿ ದಪ್ಪವೇ ಇತ್ತು. ಡಾಕ್ಟರು ಫೈಲಿನಲ್ಲಿ "ತಾಯಿಗೂ ಇದೆ" ಎಂದು ಬರೆದುಕೊಂಡರು. ಜೀನ್ ಟೆಸ್ಟ್ ಬೇಡ ಎಂದರು.