ಸಂತೆಯಲ್ಲಿ ಬೆಳೆದವರಿಂದಲೇ ಕೊಳ್ಳುವುದು ಹೇಗೆ?

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್‌ನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸ್‌ನ ಬೆಲೆ 2 ಸಾವಿರ ರೂಪಾಯಿ ದಾಟಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಈ ಜಿಲ್ಲೆ ಕಂಡಿದೆ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧವೊಂದರ ಅಂದಾಜಿನಂತೆ, ಗ್ರಾಹಕರು ಟೊಮೆಟೊಗೆ ಕೊಡುವ ಪ್ರತಿ 100 ರೂಪಾಯಿಯಲ್ಲಿ ಬೆಳೆದವರಿಗೆ ಸೇರುವುದು ಸುಮಾರು 33 ರೂಪಾಯಿ. ಉಳಿದದ್ದು ಸಾಗಣೆಗೆ, ಕಮಿಷನ್‌ಗೆ, ಕೊಳೆತುಹೋಗುವ ಹಣ್ಣಿನ ನಷ್ಟಕ್ಕೆ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಲಾಭಕ್ಕೆ ಹಂಚಿಹೋಗುತ್ತದೆ. ಸಂತೆಯಲ್ಲಿ ಬೆಳೆದವರ ಕೈಯಿಂದಲೇ ಕೊಂಡರೆ ನಡುವಿನ ಈ ಪಾಲಿನಲ್ಲಿ ಬಹುಭಾಗ ಅವರಿಗೂ ನಮಗೂ ಉಳಿಯುತ್ತದೆ. ಆದರೆ ಸಂತೆಯಲ್ಲಿ ಕುಳಿತವರೆಲ್ಲರೂ ರೈತರಲ್ಲವಾದ್ದರಿಂದ, ಮೊದಲು ಮಾಡಬೇಕಾದದ್ದು ಬೆಳೆದವರನ್ನು ಗುರುತಿಸುವ ಕೆಲಸ.

ಹೋದ ಕೂಡಲೇ ಚೀಲ ತುಂಬಿಸಲು ಹೊರಡದೆ ಒಂದು ಸುತ್ತು ಸುಮ್ಮನೆ ನೋಡಿಕೊಂಡು ಬನ್ನಿ. ನಾಸಿಕ್ ಈರುಳ್ಳಿ, ಊಟಿ ಕ್ಯಾರೆಟ್, ಆಗ್ರಾ ಆಲೂಗಡ್ಡೆಗಳನ್ನು ಒಟ್ಟಿಗೆ ಜೋಡಿಸಿಟ್ಟವರು ಮಂಡಿಯಲ್ಲಿ ಕೊಂಡು ತಂದು ಮಾರುವವರು. ಅದರಲ್ಲಿ ತಪ್ಪೇನಿಲ್ಲ, ಅವರ ಬೆಲೆ ಮಾತ್ರ ಪೇಟೆಯ ಅಂಗಡಿಗಿಂತ ಹೆಚ್ಚೇನೂ ಕಡಿಮೆಯಿರುವುದಿಲ್ಲ. ಗೋಣಿತಾಟಿನ ಮೇಲೆ ಎರಡೋ ಮೂರೋ ಬಗೆಯ ತರಕಾರಿಯನ್ನು, ದಪ್ಪ ಸಣ್ಣ ಎಂದು ವಿಂಗಡಿಸದೆ ಗುಡ್ಡೆ ಹಾಕಿಕೊಂಡವರು ಸಾಮಾನ್ಯವಾಗಿ ಬೆಳೆದವರೇ ಆಗಿರುತ್ತಾರೆ. ಅನುಮಾನವಿದ್ದರೆ "ಯಾವೂರಮ್ಮ ನಿಮ್ದು? ಯಾವಾಗ ಕಿತ್ತಿದ್ದು?" ಎಂದು ಕೇಳಬಹುದು. ಔಷಧಿ ಹೊಡೆದು ಎಷ್ಟು ದಿನವಾಯಿತು ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ, ಏಕೆಂದರೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಂತಿಷ್ಟು ದಿನ ಬಿಡಬೇಕೆಂಬ ನಿಯಮವಿದೆ ಮತ್ತು ಅದಕ್ಕೆ ಉತ್ತರ ಕೊಡಬಲ್ಲವರು ಹೊಲದವರು ಮಾತ್ರ.

ಅನಂತರ ಸೊಪ್ಪಿನ ಕಡೆಗೆ ಹೋಗಿ, ಅದೂ ಬೆಳಿಗ್ಗೆಯೇ. ಬಿಸಿಲೇರಿದಂತೆ ಸೊಪ್ಪು ಬಾಡುತ್ತದೆ, ಎಷ್ಟು ನೀರು ಚಿಮುಕಿಸಿದರೂ ಮೊದಲಿನ ರುಚಿ ಮರಳುವುದಿಲ್ಲ. ದಂಟು, ಸಬ್ಬಸಿಗೆ, ಪಾಲಕ್ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಸಂತೆಯಲ್ಲಿ ಹುಡುಕಬೇಕಾದದ್ದು ಬೆರಕೆ ಸೊಪ್ಪನ್ನು. ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆ ಮುಂತಾದವನ್ನು ಹೆಂಗಸರು ಬೆಳಗಿನ ಜಾವ ಕೊಯ್ದು, ಬೆರೆಸಿ ತರುತ್ತಾರೆ. ಯಾರೂ ಬಿತ್ತದ ಈ ಸೊಪ್ಪಿಗೆ ಮಂಡಿಯಲ್ಲಿ ಹರಾಜಿಲ್ಲ, ಸೂಪರ್‌ಮಾರ್ಕೆಟ್‌ನಲ್ಲಿ ಜಾಗವಿಲ್ಲ, ಆದರೆ ನಮ್ಮ ಮಸೊಪ್ಪಿಗೆ ಇದಿಲ್ಲದೆ ಹದ ಬರುವುದಿಲ್ಲ. ಇದಕ್ಕೆ ಚೌಕಾಸಿ ಮಾಡುವುದು ನನ್ನ ದೃಷ್ಟಿಯಲ್ಲಿ ಸಣ್ಣತನ. ಹೇಳಿದ ಬೆಲೆ ಕೊಟ್ಟವರಿಗೆ ಒಂದು ಹಿಡಿ ಕೊಸರು ಹೇಗೂ ಸಿಗುತ್ತದೆ.

ಟೊಮೆಟೊ ಕೊಳ್ಳುವಾಗ ಸಿಪ್ಪೆ ತೆಳುವಾಗಿ ಮೆತ್ತಗಿರುವ ನಾಟಿ ಹಣ್ಣನ್ನು ಸಾರಿಗೂ, ದಪ್ಪ ಸಿಪ್ಪೆಯ ಹೈಬ್ರಿಡ್ ಹಣ್ಣನ್ನು ವಾರವಿಡೀ ಇಟ್ಟುಕೊಳ್ಳಲೂ ಆರಿಸಿಕೊಳ್ಳಿ. ಡಿಸೆಂಬರ್, ಜನವರಿಯ ಅವರೆಕಾಯಿಯನ್ನು ಮೂಸಿಯೇ ಕೊಳ್ಳಬೇಕು: ಇಬ್ಬನಿ ಬಿದ್ದ ಕಾಯಿಯ ಸೊಗಡು ಕೈಗೆ ಅಂಟುವಂತಿರಬೇಕು, ದಿನ ಕಳೆದಂತೆ ಅದು ಕುಂದುತ್ತದೆ. ತೂಕ ಮಾಡಿಸುವಾಗ ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ಒಮ್ಮೆ ಕಣ್ಣುಹಾಯಿಸಿದರೆ ಸಾಕು. ಸಂಜೆ ಬಸ್ಸು ಹಿಡಿಯುವ ಅವಸರದಲ್ಲಿ ರೈತರು ಉಳಿದದ್ದನ್ನು ಅಗ್ಗಕ್ಕೆ ಕೊಡುತ್ತಾರೆಂಬುದು ನಿಜವಾದರೂ, ಆಗ ಸಿಗುವುದು ಬೇರೆಯವರು ಆರಿಸಿ ಬಿಟ್ಟ ಮಾಲು.

ಮಾವಿನ ಕಾಲದಲ್ಲಿ, ಅಂದರೆ ಮೇ, ಜೂನ್‌ನಲ್ಲಿ, ಶ್ರೀನಿವಾಸಪುರದ ಕಡೆಯಿಂದ ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣುಗಳು ಬರುತ್ತವೆ. ಮೈಯೆಲ್ಲ ಒಂದೇ ಸಮ ಹಳದಿಯಾಗಿದ್ದು ತೊಟ್ಟಿನ ಬಳಿ ಪರಿಮಳವಿಲ್ಲದಿದ್ದರೆ ಕಾರ್ಬೈಡ್ ಹಾಕಿ ಹಣ್ಣು ಮಾಡಿರಬಹುದೆಂದು ಶಂಕಿಸಬೇಕು. ಕಾರ್ಬೈಡ್ ಬಳಕೆಯನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಬೆಳೆದವರಿಂದ ಬಲಿತ ದೋರಗಾಯಿಯನ್ನೇ ಕೇಳಿ ತಂದು, ಒಣ ಹುಲ್ಲಿನ ನಡುವೆ ಒಂದಕ್ಕೊಂದು ತಾಗದಂತೆ ಇಟ್ಟು, ದಿನಕ್ಕೊಮ್ಮೆ ತಿರುವಿ ನೋಡುತ್ತಿದ್ದರೆ ನಾಲ್ಕೈದು ದಿನಗಳಲ್ಲಿ ಹಣ್ಣಾಗಿದೆ ಎಂಬುದನ್ನು ಮನೆಯ ತುಂಬ ಹರಡುವ ವಾಸನೆಯೇ ತಿಳಿಸುತ್ತದೆ.