ಎಲ್ಲ ಮೈಗ್ರೇಟೂ ವಲಸೆಯಲ್ಲ: ಅನುವಾದದಲ್ಲಿ ನನ್ನ ಅನುಭವ

ರಾಯಚೂರು, ಕೊಪ್ಪಳ ಕಡೆಯ ಸಮೀಕ್ಷಾ ವರದಿ, ರೈತರ ಕರಪತ್ರ, ಆಸ್ಪತ್ರೆಯ ಸೂಚನೆ, ಬ್ಯಾಂಕಿನ ತಿಳಿವಳಿಕೆ ಪತ್ರ ಇವನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ನಾನು ಪ್ರತಿಸಲ ನಿಂತು ನೋಡುವ ಪದ ‘ಮೈಗ್ರೇಟ್’. ನಿಘಂಟು ‘ವಲಸೆ ಹೋಗು’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಅದನ್ನೇ ನಂಬಿದರೆ ಉಪ್ಪೂ ವಲಸೆ ಹೋಗುತ್ತದೆ, ಹೊಟ್ಟೆನೋವೂ ವಲಸೆ ಹೋಗುತ್ತದೆ. ಅದಕ್ಕೇ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೋದದ್ದು ಮರಳಿ ಬರುತ್ತದೆಯೇ? ತಾನಾಗಿ ಹೋಯಿತೇ, ಯಾರಾದರೂ ಸಾಗಿಸಿದರೇ? ಒಮ್ಮೆಲೇ ಹೋಯಿತೇ, ಮೆಲ್ಲಗೆ ಸರಿಯಿತೇ?

ಮೊದಲ ಪ್ರಶ್ನೆ ಹೆಚ್ಚು ಬೇಕಾಗುವುದು ಮನುಷ್ಯರ ವಿಷಯದಲ್ಲಿ. ಬಿತ್ತನೆ, ಸುಗ್ಗಿ ಮುಗಿದು ಊರಲ್ಲಿ ಕೆಲಸ ಇಲ್ಲದಾಗ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೋಗಿ, ಮಳೆ ಹಿಡಿಯುವ ಹೊತ್ತಿಗೆ ಮರಳುವುದಕ್ಕೆ ನಮ್ಮಲ್ಲಿ ‘ಗುಳೆ’ ಎಂಬ ಖಚಿತವಾದ ಪದವಿದೆ. ‘ಅವರು ಗುಳೆ ಹೋಗ್ಯಾರ್ರಿ’ ಎಂದರೆ ಮನೆ, ಹೊಲ ಇಲ್ಲೇ ಇವೆ, ಮುದುಕರು ಇಲ್ಲೇ ಇದ್ದಾರೆ, ಹೋದವರು ಬರುತ್ತಾರೆ ಎಂಬುದೆಲ್ಲ ಅದರಲ್ಲೇ ಬಂತು. ವರದಿಯಲ್ಲಿ ‘ಸೀಸನಲ್ ಮೈಗ್ರೇಷನ್’ ಎಂದಿದ್ದರೆ ‘ಋತುಮಾನದ ವಲಸೆ’ ಎಂದು ಬರೆಯುವುದು ಕೈಯಲ್ಲಿರುವ ಒಳ್ಳೆಯ ಪದವನ್ನು ಬಿಟ್ಟಂತೆ. ಸಮೀಕ್ಷೆಯ ಪ್ರಶ್ನೆಯಲ್ಲಿ ಇದು ಉತ್ತರವನ್ನೇ ಕೆಡಿಸಬಹುದು. ‘ನಿಮ್ಮ ಮನೆಯಿಂದ ಯಾರಾದರೂ ವಲಸೆ ಹೋಗಿದ್ದಾರೆಯೇ’ ಎಂದು ಕೇಳಿದರೆ, ಊರು ಬಿಟ್ಟೇ ಹೋದವರ ಬಗ್ಗೆ ಕೇಳುತ್ತಿದ್ದಾರೆ ಎಂದು ತಿಳಿದು ‘ಇಲ್ಲ’ ಎನ್ನುವ ಸಾಧ್ಯತೆ ಇದೆ. ‘ಗುಳೆ ಹೋಗ್ಯಾರೇನು, ಎಷ್ಟು ತಿಂಗಳಿಗೆ’ ಎಂದು ಕೇಳಬೇಕು.

ತಿರುಗಿ ಇಂಗ್ಲಿಷಿಗೆ ಹೋಗುವಾಗ ಎಡವುವುದೂ ಇಲ್ಲೇ. ಗುಳೆ ಹೋದವರನ್ನು ಬರೀ ‘ಮೈಗ್ರೇಟೆಡ್’ ಎಂದರೆ ಓದುವವರಿಗೆ ಮರಳುವ ಸುಳಿವು ಸಿಗುವುದಿಲ್ಲ. ‘ಮೈಗ್ರೇಟ್ ಸೀಸನಲಿ ಫಾರ್ ವರ್ಕ್’ ಎಂದು ಬಿಡಿಸಿ ಬರೆಯುತ್ತೇನೆ.

ಸಿಂಧನೂರು ತಾಲ್ಲೂಕೊಂದನ್ನೇ ತೆಗೆದುಕೊಳ್ಳಿ. ತುಂಗಭದ್ರಾ ಅಣೆಕಟ್ಟು ಮುಗಿದ 1953ರ ನಂತರ ಕಾಲುವೆ ನೀರು ನೋಡಿ ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರು ‘ಬಂದು ನೆಲೆಸಿದವರು’. ಅಲ್ಲಿಯ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ಹೆಚ್ಚಾಗಿ ಇರುವುದು ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ಬಂಗಾಳಿ ಕುಟುಂಬಗಳು. ಅವರು ‘ನಿರಾಶ್ರಿತರಾಗಿ ಬಂದವರು’. ಅದೇ ತಾಲ್ಲೂಕಿನ ಮಳೆಯಾಶ್ರಿತ ಊರಿನಿಂದ ದುಡಿಯಲು ಹೋದವರು ‘ಗುಳೆ ಹೋದವರು’. ಇಂಗ್ಲಿಷ್ ಲೇಖಕರು ಮೂವರಿಗೂ ಮೈಗ್ರೇಟ್ ಎಂದೇ ಬರೆದುಬಿಡುವುದುಂಟು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ, ಅಲ್ಲಿಂದ ಎದ್ದು ಹೋದವರಿಗೆ ಮಾತ್ರ ಆ ಪದ ಸಲ್ಲುವುದಿಲ್ಲ. ಅವರು ಹೋದದ್ದಲ್ಲ, ಅವರನ್ನು ಎಬ್ಬಿಸಿದ್ದು. ಮೂಲದಲ್ಲಿ ಮೈಗ್ರೇಟ್ ಎಂದಿದ್ದರೂ ನಾನು ‘ಮುಳುಗಡೆ ಸಂತ್ರಸ್ತರು’ ಎಂದು ಬರೆದು, ಮೂಲ ಬರೆದವರಿಗೂ ತಿಳಿಸುತ್ತೇನೆ.

ಕಾನೂನಿನ ಪಠ್ಯದಲ್ಲಿ ಈ ಸ್ವಾತಂತ್ರ್ಯ ಇಲ್ಲ. 2025ರ ವರೆಗೆ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆಗೆ ಬರಬೇಕಾದರೆ ಗುತ್ತಿಗೆದಾರನ ಮೂಲಕ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೆಲಸಕ್ಕೆ ಹೋಗಿರಬೇಕಿತ್ತು. ನಮ್ಮ ರಾಜ್ಯದೊಳಗೇ ದೇವದುರ್ಗದಿಂದ ಬೆಂಗಳೂರಿಗೆ ಹೋದವರು ಅದರಲ್ಲಿ ಬರುತ್ತಿರಲಿಲ್ಲ. ಅಂಥ ಪಠ್ಯದಲ್ಲಿ ‘ವಲಸೆ ಕಾರ್ಮಿಕ’ ಎಂಬುದನ್ನು ಹಾಗೇ ಉಳಿಸಬೇಕು.

ಹಕ್ಕಿಗಳ ವಿಷಯದಲ್ಲಿ ತಕರಾರಿಲ್ಲ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ಕಡೆಯ ಕೆರೆ, ಹಿನ್ನೀರುಗಳಿಗೆ ಬಂದರೆ ಅದು ವಲಸೆಯೇ.

ಜೀವವಿಲ್ಲದ್ದು ಚಲಿಸಿದಾಗ ‘ವಲಸೆ’ಯನ್ನು ಪೂರ್ತಿ ಬಿಡುತ್ತೇನೆ. ಗಂಗಾವತಿ, ಸಿಂಧನೂರಿನ ಭತ್ತದ ನೆಲದ ಬಗ್ಗೆ ಬರುವ ಕರಪತ್ರದಲ್ಲಿ ‘ಸಾಲ್ಟ್ಸ್ ಮೈಗ್ರೇಟ್ ಅಪ್‌ವರ್ಡ್’ ಎಂಬ ಸಾಲು ಇರುತ್ತದೆ. ಅತಿ ನೀರು ಹಾಯಿಸಿದಾಗ ಅಂತರ್ಜಲ ಮೇಲೇರುತ್ತದೆ. ಮಣ್ಣಿನ ಸಣ್ಣ ಸಂದುಗಳಲ್ಲಿ ನೀರು ಮೇಲಕ್ಕೆ ಎಳೆದುಕೊಂಡು ಬಂದು ಬಿಸಿಲಿಗೆ ಆರುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಇದನ್ನು ‘ಉಪ್ಪು ನೀರಿನ ಜೊತೆ ಮೇಲೆ ಬಂದು ನೆಲ ಸವಳಾಗುತ್ತದೆ’ ಎಂದರೆ ರೈತರಿಗೆ ಕಾರಣವೂ ತಿಳಿಯಿತು, ಬಸಿಗಾಲುವೆ ಯಾಕೆ ಬೇಕೆಂಬುದೂ ತಿಳಿಯಿತು. ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ‘ಡೈ ಮೈಗ್ರೇಟ್’ ಆದರೆ ಎರಡು ಅರ್ಥ. ನೀಲಿ ಬಣ್ಣ ಒಳಜೇಬಿನ ಬಿಳಿ ಬಟ್ಟೆಗೆ ‘ಹತ್ತುವುದು’ ಒಂದು. ಬಟ್ಟೆ ಒಣಗುವಾಗ ಬಣ್ಣ ನೀರಿನ ಜೊತೆ ಸರಿದು ಒಂದೆಡೆ ಗಾಢ, ಒಂದೆಡೆ ತೆಳು ಆಗುವುದು ಇನ್ನೊಂದು. ಯಾವುದೆಂದು ಕೇಳದೆ ಬರೆಯಬಾರದು.

ಆಸ್ಪತ್ರೆಯ ಕಾಗದದಲ್ಲಿ ಎಚ್ಚರ ಇನ್ನೂ ಹೆಚ್ಚು. ಅಪೆಂಡಿಕ್ಸ್ ಬಾತಾಗ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಕೆಳಹೊಟ್ಟೆಯ ಬಲಕ್ಕೆ ‘ಇಳಿಯುತ್ತದೆ’. ‘ಹರಡುತ್ತದೆ’ ಎಂದರೆ ತಪ್ಪು, ಮೊದಲಿನ ಜಾಗದಲ್ಲೂ ನೋವು ಉಳಿದಿದೆ ಎಂಬ ಅರ್ಥ ಬರುತ್ತದೆ. ಗರ್ಭ ತಡೆಯಲು ಗರ್ಭಕೋಶದಲ್ಲಿ ಇಡುವ ಕಾಪರ್-ಟಿ ಮೈಗ್ರೇಟ್ ಆಗಿದೆ ಎಂದರೆ ‘ಇಟ್ಟ ಜಾಗ ಬಿಟ್ಟು ಸರಿದಿದೆ’. ಮೂತ್ರನಾಳದಲ್ಲಿ ಇಟ್ಟ ಸ್ಟೆಂಟ್ ಎಂಬ ಕೊಳವೆ ಆದರೆ ‘ಜಾರಿದೆ’. ಅಂದಹಾಗೆ ಮೈಗ್ರೇನ್ ತಲೆನೋವಿಗೂ ಈ ಪದಕ್ಕೂ ನಂಟಿಲ್ಲ. ಅದು ಅರ್ಧ ತಲೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು, ಇದು ಲ್ಯಾಟಿನ್ನಿನಿಂದ.

ಕಂಪ್ಯೂಟರಿನ ಲೋಕದಲ್ಲಿ ವ್ಯಾಕರಣವೇ ತಿರುಗುತ್ತದೆ. ಹಕ್ಕಿ ತಾನು ಮೈಗ್ರೇಟ್ ಆಗುತ್ತದೆ, ಡೇಟಾವನ್ನು ಯಾರೋ ಮೈಗ್ರೇಟ್ ಮಾಡುತ್ತಾರೆ. ಅಲ್ಲಿ ‘ಸಾಗಿಸು’, ‘ವರ್ಗಾಯಿಸು’ ಸರಿ. ಆದರೆ ಬ್ಯಾಂಕುಗಳು ಕೂಡಿದಾಗ ಬರುವ ಸೂಚನೆಯಲ್ಲಿ ‘ನಿಮ್ಮ ಖಾತೆಯನ್ನು ವರ್ಗಾಯಿಸಲಾಗಿದೆ’ ಎಂದು ಬರೆದರೆ ಹಣವೇ ಬೇರೆ ಕಡೆ ಹೋಯಿತೇನೋ ಎಂಬ ಹೆದರಿಕೆ ಹುಟ್ಟುತ್ತದೆ. ‘ನಿಮ್ಮ ಖಾತೆ ಇನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಹಣ ಹಾಗೇ ಇದೆ’ ಎಂದು ಬರೆದು, ಐಎಫ್‌ಎಸ್‌ಸಿ ಬದಲಾಗಿದ್ದರೆ ಮುಂದಿನ ಸಾಲಿನಲ್ಲೇ ಹೇಳುತ್ತೇನೆ. 2017ರಲ್ಲಿ ವ್ಯಾಪಾರಿಗಳು ವ್ಯಾಟ್‌ನಿಂದ ಜಿಎಸ್‌ಟಿಗೆ ಮೈಗ್ರೇಟ್ ಆದದ್ದು ಬರೀ ‘ಬದಲಾದದ್ದು’. ವಿಶ್ವವಿದ್ಯಾಲಯ ಬದಲಿಸುವಾಗ ಬೇಕಾಗುವ ಮೈಗ್ರೇಷನ್ ಸರ್ಟಿಫಿಕೇಟನ್ನು ಅನುವಾದಿಸಲು ಹೋಗುವುದಿಲ್ಲ. ಕೌಂಟರಿನಲ್ಲಿ ಕೇಳಬೇಕಾದ ಹೆಸರು ಅದೇ.

ಇನ್ನುಳಿದದ್ದು ಇಂಗ್ಲಿಷಿನವರ ಮನೆಮಾತು. ನಡುಮನೆಯಲ್ಲಿ ಕೂತಿದ್ದ ನೆಂಟರು ಮೆಲ್ಲಗೆ ಅಡುಗೆಮನೆಗೆ ಮೈಗ್ರೇಟ್ ಆಗುತ್ತಾರೆ, ಆಫೀಸಿನ ಪೆನ್ನುಗಳು ಒಬ್ಬರ ಮೇಜಿಗೆ ಮೈಗ್ರೇಟ್ ಆಗುತ್ತವೆ. ಯಾರೂ ಒಯ್ದಂತೆ ಕಾಣದಿದ್ದರೂ ಜಾಗ ಬದಲಾಗಿದೆ ಎಂಬುದು ಅಲ್ಲಿಯ ಸ್ವಾರಸ್ಯ, ಅದರಲ್ಲಿ ಆರೋಪವಿಲ್ಲ. ‘ಒಯ್ದರು’ ಎಂದರೆ ಅದು ಕೆಡುತ್ತದೆ. ಇದಕ್ಕೆ ನಾನು ಬಳಸುವುದು ‘ಹೋಗಿ ಸೇರು’: ‘ಪೆನ್ನೆಲ್ಲ ಹೋಗಿ ಸಾಹೇಬ್ರ ಟೇಬಲ್ ಸೇರ್ಯಾವ.’