ಚೋಕ್ ಎಳೆದ ಮೇಲೆ ನನ್ನ ದಿನ ಶುರು

ಬೆಳಿಗ್ಗೆ ಏಳೂವರೆಗೆ ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಸಿಗುವಂತೆ ಮಾಡುವ ಗುಂಡಿ) ಎಳೆದು ನನ್ನ ಹಳೇ ಕಾರಿನ ಕೀ ತಿರುಗಿಸುತ್ತೇನೆ. ಮೂರು ಸಿಲಿಂಡರಿನ ಎಂಜಿನ್ ಒಂದು ಸಲ ಕೆಮ್ಮುತ್ತದೆ, ಆಮೇಲೆ ಹಿಡಿಯುತ್ತದೆ. ಸದ್ದು ಹದಕ್ಕೆ ಬಂದ ಮೇಲೆ ಚೋಕ್ ಒಳಗೆ ತಳ್ಳಿ ಸಾಗರದಿಂದ ತಾಳಗುಪ್ಪಕ್ಕೆ ಹೊರಡುತ್ತೇನೆ. 1998ರ ಮಾರುತಿ 800. ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೇ ಕಾಲದ ಕಾರ್ಬುರೇಟರ್, ನಾಲ್ಕು ಗೇರ್. 2009ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಎರಡು ವರ್ಷ ಓಡಿಸಿ ಮಾರಿಬಿಡೋಣ ಅಂದುಕೊಂಡಿದ್ದೆ.

796 ಸಿಸಿ, ಸುಮಾರು 650 ಕೆಜಿ ತೂಕ, 12 ಇಂಚಿನ ಚಕ್ರ. ಪವರ್ ಸ್ಟೀರಿಂಗ್ ಇಲ್ಲ, ಈ ತೂಕಕ್ಕೆ ಅದು ಬೇಕಾಗಿಯೂ ಇಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ, ಕೈಗೂ ಸಿಗುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಆದರೂ ಕಾಯಿಲೆ ಏನು ಅಂತ ಕಾರೇ ಹೇಳುತ್ತದೆ. ಫ್ಯಾನ್ ಬೆಲ್ಟ್ ಸಡಿಲವಾದರೆ ಕಿರುಚುತ್ತದೆ, ಪೆಟ್ರೋಲ್ ಎಲ್ಲಾದರೂ ಒಸರಿದರೆ ವಾಸನೆ ಬರುತ್ತದೆ. ಅದನ್ನು ಕೇಳಿಸಿಕೊಳ್ಳುವುದನ್ನು ಕಲಿಯುವುದಕ್ಕೆ ನನಗೆ ಮೂರು ನಾಲ್ಕು ವರ್ಷ ಹಿಡಿಯಿತು.

ಅಷ್ಟರಲ್ಲಿ ಒಂದು ಜುಲೈ ಸಂಜೆ, ಜೋಗದ ಕಡೆಯಿಂದ ಬರುವಾಗ, ಕ್ಲಚ್ ಪೆಡಲ್ ಟಪ್ ಅಂತ ನೆಲಕ್ಕೆ ಬಿತ್ತು. ಕೇಬಲ್ ತುಂಡಾಗಿತ್ತು. ಗೇರ್ ಹಾಕುವಾಗ ಎಂಜಿನ್ನನ್ನು ಚಕ್ರದಿಂದ ಬಿಡಿಸುವುದು ಕ್ಲಚ್ಚೇ. ಹೊರಗೆ ಧೋ ಮಳೆ, ಫೋನಿಗೆ ಸಿಗ್ನಲ್ ಇಲ್ಲ. ಹಿಂದೊಮ್ಮೆ ಒಬ್ಬ ಮುದುಕ ಡ್ರೈವರ್ ಹೇಳಿದ್ದು ನೆನಪಾಯಿತು. ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿಗೆ ಹಾಕಿ, ಕೀ ತಿರುಗಿಸಿದೆ. ಸ್ಟಾರ್ಟರ್ ಮೋಟಾರೇ ಕಾರನ್ನು ಜಗ್ಗಿ ಜಗ್ಗಿ ಎಳೆಯಿತು, ಎಂಜಿನ್ ಹಿಡಿಯಿತು. ಸೆಕೆಂಡ್ ಗೇರಿಗೆ ಮಾತ್ರ ಹದ ಬೇಕು. ಆಕ್ಸಿಲರೇಟರ್ ಬಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಎಂಜಿನ್ ಸದ್ದು ಇಳಿಯುವವರೆಗೆ ಕಾಯಬೇಕು. ಸರಿಯಾದ ಹೊತ್ತಿಗೆ ಎರಡು ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಕೂರುತ್ತದೆ. ಸ್ವಲ್ಪ ಅವಸರ ಮಾಡಿದರೆ ಕರಕರ ಅಂತ ಬೈಯುತ್ತದೆ. ಎರಡು ಕಡೆ ದನ ಅಡ್ಡ ಬಂದವು, ಎರಡು ಸಲವೂ ಮತ್ತೆ ಫಸ್ಟ್ ಗೇರಿನ ಜಗ್ಗಾಟ. ಸ್ಟಾರ್ಟರ್ ಸವೆಯುತ್ತದೆ, ಟ್ರಾಫಿಕ್ಕಿನಲ್ಲಿ ಮಾಡಲೇಬಾರದು, ಎರಡೂ ನಿಜ. ಆದರೆ ಮನೆ ಸೇರಿದೆ. ಅವತ್ತಿನಿಂದ ಸೀಟಿನ ಕೆಳಗೆ ಒಂದು ಸ್ಪೇರ್ ಕೇಬಲ್, ಒಂದು ಸ್ಪ್ಯಾನರ್ ಸೆಟ್ ಇದ್ದೇ ಇರುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೆ ತೇವ ಸೇರುತ್ತದೆ. ಆಗ ಎಂಜಿನ್ ಮುಗ್ಗರಿಸುತ್ತದೆ. ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಐದು ನಿಮಿಷದ ಕೆಲಸ. ಎಥೆನಾಲ್ ಜಾಸ್ತಿ ಇರುವ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ, ಹಾಗಾಗಿ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿದ್ದೇನೆ. 800ರ ತಯಾರಿಕೆ 2014ರಲ್ಲೇ ನಿಂತಿತು. ಆದರೆ ಇದೇ ಎಂಜಿನ್ ಮಾರುತಿಯ ಓಮ್ನಿ ವ್ಯಾನಿನಲ್ಲೂ ಇತ್ತು, ಅದು 2019ರವರೆಗೆ ಬಂತು. ಅದು ನಮ್ಮ ಪುಣ್ಯ. ಬಿಡಿಭಾಗಕ್ಕೆ ಇದುವರೆಗೆ ಪರದಾಡಿಲ್ಲ.

ಇಷ್ಟೆಲ್ಲ ಹೊಗಳಿದರೂ ಒಂದು ಮಾತು ಮುಚ್ಚಿಡಬಾರದು, ಅಲ್ವಾ? ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ, ಬಾಗಿಲು ತಗಡು. ಲಾರಿ ಹತ್ತಿರ ಬಂದರೆ ಈಗಲೂ ಮೈ ಬಿಗಿಯಾಗುತ್ತದೆ. ಅರವತ್ತು ದಾಟಿಸುವುದಿಲ್ಲ. ಮನೆಯವರನ್ನು ಕೂರಿಸಿಕೊಂಡು ಹೈವೇಯಲ್ಲಿ ದೂರ ಹೋಗುವುದಿಲ್ಲ. ಬೆಂಗಳೂರಿಗೆ ರಾತ್ರಿ ರೈಲಿದೆ. ದಿನಕ್ಕೆ ಮೂವತ್ತು ಕಿಲೋಮೀಟರ್, ಗೊತ್ತಿರುವ ರಸ್ತೆ, ಅಷ್ಟೇ ನಮ್ಮಿಬ್ಬರ ಒಪ್ಪಂದ.

ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ, ಅಂದರೆ ಕಾರಿನ ನೋಂದಣಿ ಪತ್ರ, ನವೀಕರಿಸಬೇಕು. 2018ರಲ್ಲಿ ಅದರ ಶುಲ್ಕ 600 ರೂಪಾಯಿ ಇತ್ತು, 2023ರಲ್ಲಿ 5,000. ಹಸಿರು ತೆರಿಗೆ ಬೇರೆ. ಲೆಕ್ಕ ಹಾಕಿದ ಹೆಂಡತಿ, "ಕಾರಿಗಿಂತ ಕಾಗದವೇ ದುಬಾರಿ ಆಯ್ತಲ್ಲ" ಅಂದಳು. ಉತ್ತರ ಹೊಳೆಯಲಿಲ್ಲ. ಸುಮ್ನೆ ಕಟ್ಟಿ ಬಂದೆ.

ಈಗಿನ ಚಿಂತೆ ತುಕ್ಕು. ಕಳೆದ ಮಳೆಗಾಲದಲ್ಲಿ ಮ್ಯಾಟ್ ಎತ್ತಿ ನೋಡಿದರೆ ಡ್ರೈವರ್ ಸೀಟಿನ ಮುಂದೆ ರಸ್ತೆ ಕಾಣುತ್ತಿತ್ತು. ತಗಡು ಬೆಸೆಸಿ, ಅಡಿಗೆ ಕೋಟಿಂಗ್ ಬಳಿಸಿದ್ದೇನೆ. ಆರ್‌ಸಿ 2028ರವರೆಗೆ ಇದೆ. ಅಲ್ಲಿಯವರೆಗೆ ಫ್ಲೋರ್ ತಡೆದರೆ ಸಾಕು.